ಹಳೇ ಜೀಪಿನ ಆಯಿಲ್ ಪ್ರೆಷರ್: ಮುಳ್ಳು ಎಷ್ಟಕ್ಕೆ ಇಳಿದರೆ ಚಿಂತೆ ಮಾಡಬೇಕು?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 45ರಲ್ಲಿ ಗಟ್ಟಿಯಾಗಿ ನಿಂತಿದ್ದ ಮುಳ್ಳು, ಸಂತೆಗೆ ಹೋಗಿ ಬಂದು ಗೇಟಿನ ಮುಂದೆ ನಿಲ್ಲಿಸುವ ಹೊತ್ತಿಗೆ 8ಕ್ಕೆ ಇಳಿದಿರುತ್ತದೆ. ಗ್ಯಾರೇಜಿನಲ್ಲಿ ತೋರಿಸಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ: ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು. ಆದರೆ ವಿಲ್ಲೀಸ್ ಜೀಪಿನ ಪೆಟ್ರೋಲ್ ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ) ತಿರುಗುತ್ತಿರುವಾಗ 8 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಎಂಬುದು ಕಾಯಿಲೆಯೇ ಅಲ್ಲ. ಸರ್ವಿಸ್ ಮ್ಯಾನ್ಯುಯಲ್ ಅದಕ್ಕಿಂತ ಕೆಳಗಿನ ಅಂಕಿಯನ್ನೂ ಒಪ್ಪುತ್ತದೆ. ಎಂಜಿನ್ ಬಿಚ್ಚುವ ಮಾತು ಆಡುವ ಮೊದಲು ಅರ್ಧ ದಿನ ಕೊಟ್ಟು ಸರಿಯಾಗಿ ಅಳೆದು ನೋಡಿದರೆ ಎಷ್ಟೋ ಸಲ ಖರ್ಚು ಒಂದು ಫಿಟಿಂಗ್‌ನಲ್ಲೋ ಒಂದು ಗ್ಯಾಸ್ಕೆಟ್‌ನಲ್ಲೋ ಮುಗಿಯುತ್ತದೆ.

ಇಲ್ಲಿ ಹೇಳುವುದು ಎರಡು ಎಂಜಿನ್‌ಗಳ ಬಗ್ಗೆ. ಒಂದು, ಯುದ್ಧಕಾಲದ ಎಂಬಿ ಜೀಪ್ ಮತ್ತು ನಂತರದ ಸಿಜೆ-2ಎ, ಸಿಜೆ-3ಎ ಜೀಪುಗಳಲ್ಲಿ ಬಂದ ಎಲ್-134, ಅಂದರೆ 'ಗೋ ಡೆವಿಲ್'. ಇನ್ನೊಂದು, ಬಾನೆಟ್ ಎತ್ತರವಿರುವ ಸಿಜೆ-3ಬಿಯ ಎಫ್-134, 'ಹರಿಕೇನ್'. ಎರಡೂ 134 ಘನ ಅಂಗುಲ, ಅಂದರೆ 2.2 ಲೀಟರ್. ಹರಿಕೇನ್‌ನಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿಗೆ ಹತ್ತಿದೆ, ಆದ್ದರಿಂದ ಮೇಲಿನ ರಾಕರ್‌ಗಳಿಗೂ ಎಣ್ಣೆ ಹೋಗಬೇಕು. ಕೆಳಗಿನ ಅರ್ಧ ಹೆಚ್ಚುಕಡಿಮೆ ಒಂದೇ. ಮಹೀಂದ್ರ ಮುಂಬೈಯಲ್ಲಿ ವಿಲ್ಲೀಸ್ ಜೀಪ್ ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. ಮುಂದೆ ಸಿಜೆ-3ಬಿ ಇಲ್ಲಿ ಬಹುಕಾಲ ತಯಾರಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಇನ್ನೂ ಪೆಟ್ರೋಲ್ ಎಂಜಿನ್ ಉಳಿಸಿಕೊಂಡಿರುವ ಹಳೇ ಜೀಪು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು. ಡೀಸೆಲ್ ಎಂಜಿನ್ ಕೂರಿಸಿದ ಜೀಪಿಗೆ ಈ ಅಂಕಿಗಳು ಹೊಂದುವುದಿಲ್ಲ.

ನೆನಪಿಡಬೇಕಾದ ಅಂಕಿಗಳು

ಬಿಸಿ ಎಂಜಿನ್, 2000 ಆರ್‌ಪಿಎಂ: 35 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.5 ಕೆಜಿ. ಇದು ಸಾಮಾನ್ಯ ಒತ್ತಡ.

ಬಿಸಿ ಎಂಜಿನ್, ಟಾಪ್ ಗೇರಿನಲ್ಲಿ ಗಂಟೆಗೆ 35 ಮೈಲಿ (56 ಕಿ.ಮೀ.): 20 ಪಿಎಸ್‌ಐಗಿಂತ ಕಡಿಮೆ ಇರಬಾರದು. ಮೂಲ ಅಳತೆಯ ಟೈರು, ಮೂಲ ಆಕ್ಸಲ್ ಇದ್ದರೆ ಈ ವೇಗದಲ್ಲಿ ಎಂಜಿನ್ ತಿರುಗುವುದು ಸುಮಾರು 2000ದಿಂದ 2250.

ಬಿಸಿ ಎಂಜಿನ್, 600 ಆರ್‌ಪಿಎಂ ಐಡಲ್: ಕನಿಷ್ಠ 6 ಪಿಎಸ್‌ಐ.

ಒತ್ತಡ ಮಿತಿ ಮೀರಿದರೆ ಎಣ್ಣೆ ಹೊರಬಿಡುವ ರಿಲೀಫ್ ವಾಲ್ವ್ ತೆರೆಯುವುದು 40ರ ಹತ್ತಿರ. ತಣ್ಣನೆಯ ದಪ್ಪ ಎಣ್ಣೆಯನ್ನು ವಾಲ್ವ್ ಅಷ್ಟು ಬೇಗ ಹೊರಚೆಲ್ಲಲಾರದು, ಆದ್ದರಿಂದ ಬೆಳಗಿನ ಸ್ಟಾರ್ಟಿನಲ್ಲಿ ಮುಳ್ಳು 45–50 ಮುಟ್ಟಿದರೆ ಗಾಬರಿ ಬೇಡ.

ಈ ಅಂಕಿಗಳನ್ನು ಪಕ್ಕದ ಮನೆಯ ಕಾರಿನ ಜೊತೆ ಹೋಲಿಸಬಾರದು. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಿಎಂಸಿ ಬಿ-ಸೀರೀಸ್ ಎಂಜಿನ್ ಓಡುವಾಗ 50ಕ್ಕಿಂತ ಮೇಲೆ ಇರಬೇಕು. ಅಲ್ಲಿ 35 ಕಂಡರೆ ವಿಚಾರಿಸಬೇಕಾದ ಸಂಗತಿ. ಫೋರ್ಡ್ ಮಾಡೆಲ್ ಟಿಯಲ್ಲಿ ಆಯಿಲ್ ಪಂಪೂ ಇಲ್ಲ, ಗೇಜೂ ಇಲ್ಲ, ಎಣ್ಣೆ ಚಿಮ್ಮಿಸಿಕೊಂಡೇ ಓಡಿತು. 'ನಾರ್ಮಲ್' ಎಂಬುದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ.

ಒತ್ತಡ ಎಲ್ಲಿಂದ ಬರುತ್ತದೆ

ಪಂಪ್ ಒತ್ತಡವನ್ನು ಹುಟ್ಟಿಸುವುದಿಲ್ಲ, ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ಆ ಎಣ್ಣೆ ಬೇರಿಂಗುಗಳ ಸಂದಿಯಿಂದ ಹೊರಗೆ ಹೋಗಲು ತಿಣುಕಿದಾಗ ಹುಟ್ಟುವುದೇ ಒತ್ತಡ. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ ಹಾಗೆ: ಬೆರಳು ಸಡಿಲವಾದರೆ ನೀರು ಅಷ್ಟೇ ಬರುತ್ತದೆ, ಚಿಮ್ಮುವುದಿಲ್ಲ.

ಹೀಗಾಗಿ ಮುಳ್ಳನ್ನು ಮೇಲೆ ಕೆಳಗೆ ಆಡಿಸುವುದು ಮೂರು ಸಂಗತಿಗಳು. ಒಂದು ಪಂಪ್ ತಿರುಗುವ ವೇಗ. ಅದು ಕ್ಯಾಮ್‌ಶಾಫ್ಟಿನಿಂದ ನಡೆಯುವುದರಿಂದ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟಿನ) ಅರ್ಧ ವೇಗ, ಐಡಲಿನಲ್ಲಿ ಬರೀ 300 ಸುತ್ತು. ಎರಡನೆಯದು ಎಣ್ಣೆಯ ದಪ್ಪ: ಎಸ್‌ಎಇ 30 ಎಣ್ಣೆ 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಒಂಬತ್ತು ಪಟ್ಟು ತೆಳ್ಳಗಾಗುತ್ತದೆ. ಬೆಳಗಿನ 45 ಮಧ್ಯಾಹ್ನ 8 ಆಗುವುದರ ಗುಟ್ಟು ಬಹುಪಾಲು ಇದೇ. ಮೂರನೆಯದು ಬೇರಿಂಗ್ ಸಂದಿ, ಇದರ ಲೆಕ್ಕ ಮಾತ್ರ ಕ್ರೂರ. ಸಂದಿ ಎರಡು ಪಟ್ಟಾದರೆ ಎಣ್ಣೆ ಸೋರುವುದು ಎರಡು ಪಟ್ಟಲ್ಲ, ಎಂಟು ಪಟ್ಟು.

ಮೊದಲು ಗೇಜನ್ನೇ ಅನುಮಾನಿಸಿ

ಡ್ಯಾಶ್‌ಬೋರ್ಡಿನ ಗೇಜಿಗೆ ಎಪ್ಪತ್ತು ವರ್ಷ ವಯಸ್ಸಾಗಿರಬಹುದು, ಅಥವಾ ಅದು ಇನ್ಯಾವುದೋ ವಾಹನದಿಂದ ಬಂದಿರಬಹುದು. ವಿದ್ಯುತ್ ಗೇಜ್ ಆಗಿದ್ದರೆ ಇನ್ನೂ ಹೆಚ್ಚು ಅನುಮಾನ ಬೇಕು: 6 ವೋಲ್ಟಿನ ಜೀಪನ್ನು 12ಕ್ಕೆ ಬದಲಾಯಿಸುವಾಗ ಗೇಜನ್ನು ಹಾಗೇ ಬಿಟ್ಟಿದ್ದರೆ, ಸೆಂಡರ್ (ಬ್ಲಾಕಿನಲ್ಲಿ ಕೂತು ಒತ್ತಡವನ್ನು ಗೇಜಿಗೆ ತಿಳಿಸುವ ಭಾಗ) ಒಂದು ಕಂಪನಿಯದು ಗೇಜ್ ಇನ್ನೊಂದರದ್ದು ಆಗಿದ್ದರೆ, ಅದು ತೋರಿಸುವ ಸಂಖ್ಯೆಗೆ ಅರ್ಥವಿಲ್ಲ.

0ಯಿಂದ 100 ಪಿಎಸ್‌ಐವರೆಗಿನ ಒಂದು ಮೆಕ್ಯಾನಿಕಲ್ ಟೆಸ್ಟ್ ಗೇಜ್, ಮೋಟು ಉದ್ದದ ಆಯಿಲ್ ಹೋಸು ತನ್ನಿ. ಬ್ಲಾಕಿನಲ್ಲಿ ಈಗಿನ ಗೇಜಿನ ಪೈಪು ಅಥವಾ ಸೆಂಡರ್ ಕೂತಿರುವ ತೂತಿಗೇ ಇದನ್ನು ಜೋಡಿಸಬೇಕು. ಇಲ್ಲೊಂದು ಮೋಸ ಇದೆ. ಜೀಪಿನ ತೂತು 1/8 ಅಂಗುಲದ ಅಮೆರಿಕನ್ ಪೈಪ್ ಥ್ರೆಡ್, ಅಂಗುಲಕ್ಕೆ 27 ಸುತ್ತು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅದೇ ಅಳತೆಯ ಬ್ರಿಟಿಷ್ ಥ್ರೆಡ್, ಅಂಗುಲಕ್ಕೆ 28. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಆಗ ಸ್ಪಾನರ್ ಹಾಕಿ ತಿರುಗಿಸಿದರೆ ಹಾಳಾಗುವುದು ಬ್ಲಾಕಿನ ಥ್ರೆಡ್. ಕೈಯಲ್ಲಿ ಮೂರ್ನಾಲ್ಕು ಸುತ್ತು ಹೋಗದ ಫಿಟಿಂಗನ್ನು ಬಳಸಲೇಬೇಡಿ.

ಟೆಫ್ಲಾನ್ ಟೇಪನ್ನು ತುದಿಯ ಎರಡು ಸುತ್ತು ಬಿಟ್ಟು ಹಿಂದಕ್ಕೆ ಸುತ್ತಬೇಕು. ಹರಿದ ಎಳೆ ಗ್ಯಾಲರಿಗೆ, ಅಂದರೆ ಬ್ಲಾಕಿನೊಳಗೆ ಎಣ್ಣೆ ಹರಿಯುವ ದಾರಿಗೆ ಹೋದರೆ ಬೇರಿಂಗಿನ ತೂತಿಗೆ ಅಡ್ಡ ನಿಲ್ಲುತ್ತದೆ. ವಿದ್ಯುತ್ ಸೆಂಡರಿಗಾದರೆ ಟೇಪೇ ಬೇಡ, ಅದಕ್ಕೆ ಅರ್ಥ್ ಸಿಗುವುದು ಆ ಥ್ರೆಡ್ಡಿನ ಮೂಲಕ. ಟೆಸ್ಟ್ ಗೇಜಿಗೆ ಪ್ಲಾಸ್ಟಿಕ್ ಟ್ಯೂಬ್ ಬಳಸುವುದಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಇಡಿ. ಕರಗಿ ಬಿಟ್ಟುಕೊಂಡರೆ ಬಿಸಿ ಎಣ್ಣೆ ನೇರ ಕೆಂಡದಂಥ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ.

ಅಳೆಯುವ ಕ್ರಮ

ಹೊರಡುವ ಮೊದಲು ಡಿಪ್‌ಸ್ಟಿಕ್ ತೆಗೆಯಿರಿ. ಮಟ್ಟ ನೋಡಿ, ಆಮೇಲೆ ಮೂಸಿ ನೋಡಿ. ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿದ್ದರೆ ಪೆಟ್ರೋಲ್ ಸೋರಿ ಆಯಿಲ್ ಚೇಂಬರಿಗೆ (ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ) ಇಳಿಯುತ್ತದೆ. ಎಣ್ಣೆ ತಾನಾಗಿಯೇ ಹೆಚ್ಚಾದಂತೆ ಕಾಣುತ್ತದೆ, ಬೆರಳಲ್ಲಿ ಉಜ್ಜಿದರೆ ನೀರಿನಂತೆ ಜಾರುತ್ತದೆ, ವಾಸನೆ ಹೊಡೆಯುತ್ತದೆ. ಇಂಥ ಎಣ್ಣೆಯಲ್ಲಿ ಒತ್ತಡ ಅಳೆಯುವುದು ವ್ಯರ್ಥ, ಎಂಜಿನ್ ಓಡಿಸುವುದು ಅಪಾಯ. ಪಂಪ್ ಸರಿಪಡಿಸಿ, ಎಣ್ಣೆ ಬದಲಿಸಿ, ಆಮೇಲೆ ಮುಂದಿನ ಮಾತು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ಒಳಗಿರುವುದು ಯಾವ ಎಣ್ಣೆ ಎಂದು ಖಚಿತವಿಲ್ಲದಿದ್ದರೆ ಹೊಸದು ಹಾಕಿಯೇ ಅಳೆಯಿರಿ: ಚೇಂಬರಿಗೆ 3.8 ಲೀಟರ್, ಫಿಲ್ಟರೂ ಬದಲಿಸಿದರೆ ಒಟ್ಟು 4.7. ನಮ್ಮ ಹವೆಗೆ ಎಸ್‌ಎಇ 30 ಅಥವಾ 20ಡಬ್ಲ್ಯೂ-40 ಸಾಕು.

ಈಗ ಎಂಜಿನ್ ಬಿಸಿ ಮಾಡಿ. ನಿಂತಲ್ಲೇ ಹತ್ತು ನಿಮಿಷ ಓಡಿಸಿದರೆ ಆಗದು. ಟೆಂಪರೇಚರ್ ಮುಳ್ಳು 80 ಮುಟ್ಟುವುದು ನೀರು ಕಾದದ್ದಕ್ಕೆ. ಎಣ್ಣೆ ಕಾಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ಬನ್ನಿ. ಬಂದವರೇ ಎಂಜಿನ್ ಆರಿಸದೆ ಐಡಲ್ ನೋಡಿ. ಫ್ಯಾನ್ ಪುಲ್ಲಿಗೆ ಹೊಳೆಯುವ ಟೇಪಿನ ಚೂರು ಅಂಟಿಸಿ ಆಪ್ಟಿಕಲ್ ಟ್ಯಾಕೋಮೀಟರಿನಲ್ಲಿ ಅಳೆಯುವವರು ಆ ಪುಲ್ಲಿ ಕ್ರ್ಯಾಂಕಿನ ವೇಗದಲ್ಲಿ ತಿರುಗುವುದಿಲ್ಲ ಎಂಬುದನ್ನು ಮರೆಯಬಾರದು. ಟೇಪನ್ನು ಕ್ರ್ಯಾಂಕ್ ಪುಲ್ಲಿಗೇ ಅಂಟಿಸಿ. ಐಡಲ್ 450ಕ್ಕೆ ಇಳಿದಿದ್ದರೆ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ 600ಕ್ಕೆ ತನ್ನಿ. ಪ್ರೆಷರ್ ಕಮ್ಮಿ ಎಂಬ ಕೆಲವು ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಮೂರು ಅಂಕಿ ಬರೆದುಕೊಳ್ಳಿ: 600ರಲ್ಲಿ ಎಷ್ಟು, 1000ದಲ್ಲಿ ಎಷ್ಟು, 2000ದಲ್ಲಿ ಎಷ್ಟು. ಜೊತೆಗೆ ಬೆಳಗಿನ ತಣ್ಣನೆಯ ಅಂಕಿಯೂ ಇರಲಿ.

ಅಂಕಿಗಳನ್ನು ಓದುವುದು

ಬಿಸಿಯಲ್ಲಿ 7, 20, 35 ಇದ್ದರೆ ಟೆಸ್ಟ್ ಗೇಜ್ ಬಿಚ್ಚಿಟ್ಟು ಜೀಪು ಓಡಿಸಿ, ಕೆಲಸ ಮುಗಿಯಿತು.

ತಣ್ಣಗಿದ್ದಾಗ 40ರ ಹತ್ತಿರ, ಬಿಸಿಯಲ್ಲಿ 2000ಕ್ಕೆ 25–28, ಐಡಲಿನಲ್ಲಿ 3–4 ಇದ್ದರೆ, ಎಣ್ಣೆ ಎಲ್ಲೋ ಬೇಕಾದ್ದಕ್ಕಿಂತ ಹೆಚ್ಚು ಸೋರುತ್ತಿದೆ, ಅಥವಾ ಪಂಪ್ ಸವೆದಿದೆ. ಇಲ್ಲಿ ರಿಲೀಫ್ ವಾಲ್ವಿನ ತಪ್ಪಿಲ್ಲ. ಈ ಒತ್ತಡದಲ್ಲಿ ಅದು ಮುಚ್ಚಿಕೊಂಡೇ ಇರುತ್ತದೆ.

ತಣ್ಣಗಿದ್ದಾಗಲೂ, ರೇಸ್ ಮಾಡಿದರೂ 20 ದಾಟುವುದಿಲ್ಲವೆಂದರೆ ರಿಲೀಫ್ ವಾಲ್ವಿನ ಅಡಿಯಲ್ಲಿ ಕಸ ಸಿಕ್ಕಿದೆ, ಸ್ಪ್ರಿಂಗ್ ಮುರಿದಿದೆ ಅಥವಾ ಪಂಪಿಗೆ ಎಣ್ಣೆ ಸಾಕಷ್ಟು ಸಿಗುತ್ತಿಲ್ಲ.

ಮುಳ್ಳು ನಡುಗುತ್ತದೆ, ತಿರುವಿನಲ್ಲಿ ಅಥವಾ ಏರಿನಲ್ಲಿ ಬಿದ್ದು ಮತ್ತೆ ಏಳುತ್ತದೆ ಎಂದರೆ ಪಂಪು ಗಾಳಿ ಎಳೆಯುತ್ತಿದೆ. ಎಣ್ಣೆ ಮಟ್ಟ ಸರಿಯಿದ್ದೂ ಹೀಗಾದರೆ ಚೇಂಬರಿನೊಳಗೆ ಎಣ್ಣೆ ಹೀರುವ ತೇಲುವ ಜಾಲರಿಯನ್ನು, ಅಂದರೆ ಫ್ಲೋಟನ್ನು ನೋಡಬೇಕು.

ಬೆಳಿಗ್ಗೆ 60–70ಕ್ಕೆ ಹಾರಿದರೆ ವಾಲ್ವ್ ಜಾಮ್ ಆಗಿದೆ. ಹೆಚ್ಚು ಒತ್ತಡ ಒಳ್ಳೆಯದೆಂದು ಸುಮ್ಮನಿರಬೇಡಿ, ಫಿಲ್ಟರ್ ಡಬ್ಬಿಯ ಗ್ಯಾಸ್ಕೆಟ್ ಹಾರಿ ಎಣ್ಣೆಯೆಲ್ಲ ರಸ್ತೆಗೆ ಹೋಗುತ್ತದೆ.

ಬಾನೆಟ್ ಎತ್ತಿಯೇ ಮಾಡಬಹುದಾದ್ದು

ಬಹಳ ಜನರ ಕಣ್ಣಿಗೆ ಬೀಳದ ಕಳ್ಳ ಎಂದರೆ ಫಿಲ್ಟರಿನ ಪೈಪು. ಈ ಎಂಜಿನ್ನಿನಲ್ಲಿರುವುದು ಬೈಪಾಸ್ ಫಿಲ್ಟರ್. ಎಣ್ಣೆಯ ಒಂದು ಸಣ್ಣ ಪಾಲು ಮಾತ್ರ ಗ್ಯಾಲರಿಯಿಂದ ಅಲ್ಲಿಗೆ ಹೋಗಿ, ಸೋಸಿಕೊಂಡು ಮತ್ತೆ ಚೇಂಬರಿಗೆ ಬೀಳುತ್ತದೆ. ಆ ಪಾಲು ಸಣ್ಣದಾಗಿಯೇ ಇರಲೆಂದು ದಾರಿಯಲ್ಲಿ ಗುಂಡುಸೂಜಿಗಿಂತ ತುಸು ದೊಡ್ಡ ತೂತಿನ ಒಂದು ತಡೆ ಇಟ್ಟಿದ್ದಾರೆ. ಯಾವತ್ತೋ ಫಿಟಿಂಗ್ ಬದಲಿಸಿದವರು ಪೂರಾ ತೂತಿನ ಸಾದಾ ಫಿಟಿಂಗ್ ಹಾಕಿದ್ದರೆ, ಅಥವಾ ಫಿಲ್ಟರನ್ನೇ ಬದಲಿಸಿ ಈಗಿನ ಸ್ಪಿನ್-ಆನ್ (ಡಬ್ಬಿಯನ್ನೇ ತಿರುಗಿಸಿ ಕೂರಿಸುವ ಫಿಲ್ಟರ್) ಹಾಕಿದ್ದರೆ, ಪಂಪು ತಳ್ಳಿದ ಎಣ್ಣೆ ಬೇರಿಂಗಿಗೆ ಹೋಗುವ ಬದಲು ಸುಲಭದ ದಾರಿ ಹಿಡಿಯುತ್ತದೆ. ಐಡಲಿನಲ್ಲಿ ಮುಳ್ಳು ನೆಲ ಕಚ್ಚುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಆರಿಸಿ, ಫಿಲ್ಟರಿಗೆ ಎಣ್ಣೆ ಹೋಗುವ ಪೈಪನ್ನು ಬ್ಲಾಕಿನ ಕಡೆಯಿಂದ ಬಿಚ್ಚಿ, ಆ ತೂತಿಗೆ ಪ್ಲಗ್ ಹಾಕಿ ಮತ್ತೆ ಅಳೆಯಿರಿ. ಒಂದೆರಡು ಪಿಎಸ್‌ಐ ಏರಿದರೆ ತಡೆ ಸರಿಯಿದೆ. 4 ಇದ್ದದ್ದು 12 ಆದರೆ ಕಳ್ಳ ಸಿಕ್ಕಿಬಿದ್ದ. ಸರಿಯಾದ ತಡೆಯ ಫಿಟಿಂಗ್ ಹಾಕಿ ಫಿಲ್ಟರನ್ನು ಮತ್ತೆ ಜೋಡಿಸಿ. ಪ್ಲಗ್ ಹಾಕಿಯೇ ಓಡಿಸಿದರೆ ಎಣ್ಣೆ ಸೋಸುವವರಿಲ್ಲ.

ಮುಂದಿನದು ರಿಲೀಫ್ ವಾಲ್ವ್. ಪಂಪು ಎಂಜಿನ್ನಿನ ಎಡಬದಿಯಲ್ಲಿ ಹೊರಗೇ ಕೂತಿದೆ, ವಾಲ್ವ್ ಇರುವುದೂ ಅದರಲ್ಲೇ. ದೊಡ್ಡ ತಲೆಯ ಪ್ಲಗ್ ಬಿಚ್ಚಿದರೆ ಶಿಮ್ (ತೆಳು ವಾಷರ್), ಸ್ಪ್ರಿಂಗ್, ಪ್ಲಂಜರ್ ಬರುತ್ತವೆ. ಎಷ್ಟು ಶಿಮ್ ಇದ್ದವು ಎಂದು ಎಣಿಸಿಡಿ. ಪ್ಲಂಜರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ ತೂತಿಗೆ ಬಿಟ್ಟರೆ ತಡೆಯಿಲ್ಲದೆ ಜಾರಬೇಕು. ಕೂರುವ ಮುಖದಲ್ಲಿ ಗೀರು ಇದ್ದರೆ ಹೊಸದು ಹಾಕಿ.

ಶಿಮ್ ಸೇರಿಸಿದರೆ ಒತ್ತಡ ಏರುತ್ತದೆ ಎಂಬುದು ನಿಜ, ಆದರೆ ಏರುವುದು ವಾಲ್ವ್ ತೆರೆಯುವ ಮೇಲಿನ ಮಿತಿ ಮಾತ್ರ. ಐಡಲಿನ 4ನ್ನು ಶಿಮ್ಮು 5 ಮಾಡಲಾರದು. ಸ್ಪ್ರಿಂಗ್ ಎಳೆದು ಉದ್ದ ಮಾಡುವ ವಿದ್ಯೆಯೂ ಅಷ್ಟೇ. ನಾಲ್ಕು ದಿನದಲ್ಲಿ ಅದು ಮತ್ತೆ ಕುಗ್ಗುತ್ತದೆ.

ಪಂಪು ಬಿಚ್ಚುವುದಾದರೆ

ಬಿಚ್ಚುವ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಯಾವ ಕಡೆಗೆ ಮುಖ ಮಾಡಿದೆ ಎಂದು ಗುರುತು ಹಾಕಿ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಆಯಿಲ್ ಪಂಪಿನ ಶಾಫ್ಟೇ. ಗುರುತಿಲ್ಲದೆ ಹೊರಗೆಳೆದು ಒಂದು ಹಲ್ಲು ಆಚೀಚೆ ಕೂರಿಸಿದರೆ ಟೈಮಿಂಗ್ ತಪ್ಪಿ, ಪ್ರೆಷರ್ ಸರಿಯಾದ ಜೀಪು ಸ್ಟಾರ್ಟೇ ಆಗುವುದಿಲ್ಲ. ಪಂಪು ಹೊರಗಿರುವಾಗ ಕ್ರ್ಯಾಂಕ್ ತಿರುಗಿಸಬಾರದು.

ಮುಚ್ಚಳ ತೆಗೆದು ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ರೋಟರ್ ಉಜ್ಜಿದ ಕಡೆ ವೃತ್ತಾಕಾರದ ತಗ್ಗು ಕಾಣಿಸುತ್ತದೆ, ಉಗುರು ಎಳೆದರೆ ಅಂಚು ತಾಗುತ್ತದೆ. ಆ ತಗ್ಗಿನಲ್ಲಿ ಎಣ್ಣೆ ಹಿಂದಕ್ಕೆ ನುಸುಳುವುದರಿಂದಲೇ ಬಿಸಿಯಲ್ಲಿ ಪಂಪು ಸೋಲುವುದು. ದಪ್ಪ ಗಾಜಿನ ಹಲಗೆಯ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಸೀಮೆಎಣ್ಣೆ ಚಿಮುಕಿಸಿ, ಮುಚ್ಚಳವನ್ನು ಎಂಟರ ಆಕಾರದಲ್ಲಿ ಉಜ್ಜಿ. ಮೈಯೆಲ್ಲ ಒಂದೇ ಬೂದು ಬಣ್ಣಕ್ಕೆ ಬಂದಾಗ ತಗ್ಗು ಹೋಗಿದೆ. ಕೊನೆಗೆ 600ರಲ್ಲಿ ನಾಲ್ಕು ಸುತ್ತು.

ಫಿಲ್ಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಸಂದಿ ಅಳೆಯಿರಿ: ರೋಟರ್ ಮೇಲ್ಮೈಗೂ ಮುಚ್ಚಳಕ್ಕೂ ನಡುವೆ 0.1 ಮಿ.ಮೀ. ಮೀರಬಾರದು, ಒಳ ಹೊರ ರೋಟರ್‌ಗಳ ತುದಿಗಳ ನಡುವೆ 0.25 ಮಿ.ಮೀ. ಮುಚ್ಚಳದ ಗ್ಯಾಸ್ಕೆಟ್ಟಿನ ದಪ್ಪವೂ ಮೊದಲನೇ ಸಂದಿಗೆ ಸೇರುತ್ತದೆ. ಮದುವೆ ಕಾರ್ಡು ಕತ್ತರಿಸಿ ಮಾಡಿದ ಗ್ಯಾಸ್ಕೆಟ್ ಎಣ್ಣೆ ಸೋರುವುದನ್ನೇನೋ ನಿಲ್ಲಿಸುತ್ತದೆ, ಜೊತೆಗೆ ಒತ್ತಡವನ್ನೂ ತಿನ್ನುತ್ತದೆ.

ಕೂರಿಸುವ ಮೊದಲು ಪಂಪಿನೊಳಗೆ ಎಣ್ಣೆ ಅಥವಾ ವ್ಯಾಸಲೀನ್ ತುಂಬಿ. ಒಣಗಿದ ಪಂಪು ಎಣ್ಣೆ ಎಳೆಯುವುದಿಲ್ಲ. ಗ್ರೀಸ್ ಬೇಡ, ಅದು ಬೇಗ ಕರಗದೆ ಸಣ್ಣ ತೂತುಗಳಲ್ಲಿ ಕೂರುತ್ತದೆ.

ಚೇಂಬರ್ ಇಳಿಸಿದ ಮೇಲೆ

ಎಣ್ಣೆ ಹೀರುವ ಜಾಲರಿ ಒಂದು ತಗಡಿನ ಫ್ಲೋಟಿಗೆ ಅಂಟಿಕೊಂಡು ಎಣ್ಣೆಯ ಮೇಲೆ ತೇಲುತ್ತಿರಬೇಕು, ಅಡಿಯ ಗಸಿ ಬಾರದಿರಲೆಂದು. ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಎಣ್ಣೆ ಕುಲುಕಿದ ಸದ್ದು ಬಂದರೆ ಫ್ಲೋಟ್ ತೂತಾಗಿದೆ, ಮುಳುಗಿ ಗಸಿಯನ್ನೇ ಹೀರುತ್ತಿತ್ತು. ಬ್ಲಾಕಿಗೆ ಕೂರುವ ಜಾಗದ ಗ್ಯಾಸ್ಕೆಟ್ ಹರಿದಿದ್ದರೆ ಗಾಳಿ ಎಳೆಯುತ್ತದೆ. ವರ್ಷಗಟ್ಟಲೆ ಅಗ್ಗದ ಎಣ್ಣೆ ಕುಡಿದ ಎಂಜಿನ್ನಿಗೆ ಏಕಾಏಕಿ ಡಿಟರ್ಜೆಂಟ್ ಎಣ್ಣೆ ಹಾಕುವವರು ಮೊದಲು ಈ ಚೇಂಬರ್ ಇಳಿಸಿ ಗಸಿ ಕೆರೆಯಬೇಕು. ಇಲ್ಲದಿದ್ದರೆ ಅದೆಲ್ಲ ಸಡಿಲಾಗಿ ಜಾಲರಿಗೆ ಬರುತ್ತದೆ.

ಚೇಂಬರ್ ಹೇಗೂ ಇಳಿದಿದೆ, ಬೇರಿಂಗೂ ನೋಡಿಬಿಡಿ. ಒಂದೊಂದೇ ಕ್ಯಾಪ್ ಬಿಚ್ಚಿ, ಎಣ್ಣೆ ಒರೆಸಿ, ಪ್ಲಾಸ್ಟಿಗೇಜ್ ಎಳೆ (ಒತ್ತಿದಾಗ ಚಪ್ಪಟೆಯಾಗಿ ಸಂದಿ ಎಷ್ಟೆಂದು ಹೇಳುವ ಮೆತ್ತನೆಯ ಪ್ಲಾಸ್ಟಿಕ್ ಎಳೆ) ಇಟ್ಟು ಬಿಗಿಯಬೇಕು: ಕನೆಕ್ಟಿಂಗ್ ರಾಡಿಗೆ 35–45 ಪೌಂಡ್-ಅಡಿ, ಮೇನ್ ಬೇರಿಂಗಿಗೆ 65–75. ಕ್ರ್ಯಾಂಕ್ ಅಲುಗಬಾರದು. ಮತ್ತೆ ಬಿಚ್ಚಿ ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ನೋಡಿ. ಅದು ಸೂಚಿಸುವ ಸಂದಿ 0.05 ಮಿ.ಮೀ. ಒಳಗಿದ್ದರೆ ಬೇರಿಂಗನ್ನು ಮುಟ್ಟಬೇಡಿ. 0.1ಕ್ಕೆ ಬಂದಿದ್ದರೆ ಗ್ಯಾರೇಜಿನವರು ಹೇಳಿದ್ದು ಸರಿ: ಕ್ರ್ಯಾಂಕ್ ಅಳೆಸಿ, ಹತ್ತು ಸೈಜಿಗೋ ಇಪ್ಪತ್ತಕ್ಕೋ (ಅಂಗುಲದ ಸಾವಿರದಲ್ಲಿ ಹತ್ತು ಅಥವಾ ಇಪ್ಪತ್ತು ಪಾಲು ಕಡಿಮೆ ಅಳತೆಗೆ) ಗ್ರೈಂಡಿಂಗ್ ಮಾಡಿಸಬೇಕು. ಬೇರಿಂಗ್ ಹೊಸದಾದರೂ ಒತ್ತಡ ಏರದಿದ್ದರೆ ಕ್ಯಾಮ್‌ಶಾಫ್ಟ್ ಕಡೆ ನೋಡಿ. ಅದರ ಮುಂದಿನ ಜರ್ನಲ್ಲಿಗೆ ಮಾತ್ರ ಬುಷ್ ಇದೆ, ಉಳಿದ ಮೂರು ಬ್ಲಾಕಿನ ಎರಕದಲ್ಲೇ ತಿರುಗುತ್ತವೆ. ಅಲ್ಲಿ ಸವೆತ ಇದ್ದರೆ ಲೇತ್ ಅಂಗಡಿಯ ಕೆಲಸ.

ಬೇರಿಂಗ್ ಹೋಗಿದ್ದರೆ ಕಿವಿಗೂ ಗೊತ್ತಾಗುತ್ತದೆ. ಏರಿನಲ್ಲಿ ಎಂಜಿನ್ ದುಡಿಯುವಾಗ ಅಡಿಯಿಂದ ಬರುವ ಮಂದ ದಡ್ ದಡ್ ಮೇನ್ ಬೇರಿಂಗಿನದು. ಆಕ್ಸಿಲರೇಟರ್ ಬಿಟ್ಟಾಗ ಬರುವ ಹಗುರ ಟಕಟಕ ರಾಡಿನದು. ಆ ಸಿಲಿಂಡರಿನ ಪ್ಲಗ್ ವೈರ್ ಕಿತ್ತರೆ ಅದು ಕಡಿಮೆಯಾಗುತ್ತದೆ. ಸದ್ದೂ ಇದ್ದು ಮುಳ್ಳೂ ಬಿದ್ದಿದ್ದರೆ ಒಂದು ಕಿಲೋಮೀಟರೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ದಪ್ಪ ಎಣ್ಣೆಯ ಮಾತು

ಬಿಸಿಯಲ್ಲಿ 20ಡಬ್ಲ್ಯೂ-50 ಎಣ್ಣೆ ಎಸ್‌ಎಇ 30ಕ್ಕಿಂತ ಸುಮಾರು ಒಂದೂವರೆ ಪಟ್ಟು ದಪ್ಪ. ಐಡಲಿನ 5ನ್ನು ಅದು 7–8 ಮಾಡಿಕೊಡುತ್ತದೆ. ಸವೆದರೂ ಸದ್ದಿಲ್ಲದೆ ಓಡುವ ಎಂಜಿನ್ನಿಗೆ, ತಿಂಗಳಿಗೆ ನೂರು ಕಿಲೋಮೀಟರ್ ಓಡುವ ಜೀಪಿಗೆ, ಇದು ಪರವಾಗಿಲ್ಲದ ಒಪ್ಪಂದ. ಆದರೆ ಗೇರ್ ಆಯಿಲ್ ಬೆರೆಸುವುದು, ಡಬ್ಬಿಯಲ್ಲಿ ಬರುವ ಅಂಟು ದ್ರವ ಸುರಿಯುವುದು ಇವೆಲ್ಲ ಎಂಜಿನ್ ಮಾರಲು ಮಾಡುವ ಉಪಾಯಗಳು, ಓಡಿಸಲು ಅಲ್ಲ. ಹಳೇ ಜೀಪು ಕೊಳ್ಳಲು ಹೋದಾಗ ಬಿಸಿ ಐಡಲಿನಲ್ಲೂ 30 ತೋರಿಸಿದರೆ ಸಂತೋಷ ಪಡುವ ಬದಲು ಡಿಪ್‌ಸ್ಟಿಕ್ ತೆಗೆದು ಎಣ್ಣೆ ಹೇಗೆ ಇಳಿಯುತ್ತದೆ ನೋಡಿ.

ಚಾರ್ಮಾಡಿಯಂಥ ಘಾಟಿ ಏರುವಾಗ ಟಾಪ್ ಗೇರಿನಲ್ಲೇ ಎಂಜಿನ್ ನರಳಿಸಬೇಡಿ. ಸುತ್ತು ಕಡಿಮೆ, ಹೊರೆ ಹೆಚ್ಚು, ಎಣ್ಣೆ ಕಾದಿರುತ್ತದೆ; ಬೇರಿಂಗಿಗೆ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಮುಳ್ಳು 20ರ ಕೆಳಗೆ ಬರುವ ಮೊದಲೇ ಗೇರ್ ಇಳಿಸಿ.

ಕೆಲಸ ಮುಗಿಸಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹದಿನೈದು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. ಮುಳ್ಳು ಎದ್ದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದು ಹತ್ತು ಸೆಕೆಂಡಿನಲ್ಲಿ ಒತ್ತಡ ಬಾರದಿದ್ದರೆ ತಕ್ಷಣ ಆರಿಸಿ, ಪಂಪು ಬಿಚ್ಚಿ ಮತ್ತೆ ಎಣ್ಣೆ ತುಂಬಿ.